ಊಟದ ಮೇಜು ಮೊದಲು, ಅಂಗಡಿ ಆಮೇಲೆ: ವಿದೇಶದಲ್ಲಿ ಮನೆಯವರ ಜೊತೆ ಒಂದು ನಿರಾಳ ದಿನ

ವಿದೇಶದಲ್ಲಿರುವ ಮಗಳ ಮನೆಗೋ ಅಣ್ಣನ ಮನೆಗೋ ಹೋದಾಗ ‘ಒಂದು ದಿನ ಆರಾಮಾಗಿ ಶಾಪಿಂಗ್ ಮಾಡಿ, ಹೊರಗೇ ಊಟ ಮುಗಿಸಿಕೊಂಡು ಬರೋಣ’ ಎಂದು ಹೊರಡುತ್ತೀರಲ್ಲ, ಎಷ್ಟೋ ಸಲ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ದಣಿಸುವುದು ಅದೇ ದಿನ. ಅಂಗಡಿಗಳ ಪಟ್ಟಿ ಮೊದಲು ತಯಾರಾಗಿರುತ್ತದೆ, ಊಟ ಮಾತ್ರ ‘ಅಲ್ಲೇ ಎಲ್ಲಾದರೂ’. ಮೂರನೇ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನಿಂತಿರುವಾಗಲೇ ಗಂಟೆ ಎರಡೂವರೆ ದಾಟುತ್ತದೆ, ಹಿರಿಯರು ಚೀಲಗಳ ಕಾವಲಿಗೆ ಬೆಂಚಿನ ಮೇಲೆ ಕೂತಿರುತ್ತಾರೆ, ಹುಡುಕಿಕೊಂಡು ಹೋದ ಹೋಟೆಲಿನ ಅಡುಗೆಮನೆ ಮುಚ್ಚಿರುತ್ತದೆ. ಇದನ್ನು ತಿರುಗುಮುರುಗು ಮಾಡಿ. ಮಧ್ಯಾಹ್ನದ ಊಟದ ಜಾಗ, ಗಂಟೆ ಎರಡನ್ನೂ ಮೊದಲು ಗೊತ್ತುಮಾಡಿ. ಊಟಕ್ಕೆ ಮುಂಚೆ ಎರಡು ಅಂಗಡಿ, ಆಮೇಲೆ ಎರಡು ಅಂಗಡಿ, ಎಲ್ಲವೂ ಆ ಮೇಜಿನಿಂದ ಹತ್ತು-ಹದಿನೈದು ನಿಮಿಷದ ನಡಿಗೆಯೊಳಗೆ. ಐದನೆಯದನ್ನು ಯಾರು ಹೇಳಿದರೂ ಸೇರಿಸಬೇಡಿ.

ಯಾವ ದಿನ ಹೊರಡಬೇಕು

ಬಂದಿಳಿದ ಮೊದಲ ಎರಡು-ಮೂರು ದಿನ ಬೇಡ. ಶರೀರದ ಗಡಿಯಾರ ಹೊಸ ಊರಿನ ಹೊತ್ತಿಗೆ ಹೊಂದಿಕೊಳ್ಳುವುದು ಸುಮಾರಾಗಿ ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ. ಪಶ್ಚಿಮಕ್ಕೆ ಹಾರಿ ಬಂದವರಿಗೆ ನಸುಕಿನ ಮೂರು-ನಾಲ್ಕಕ್ಕೇ ಎಚ್ಚರವಾಗುತ್ತದೆ, ಸಂಜೆ ಐದಕ್ಕೆ ಕಣ್ಣು ಎಳೆಯುತ್ತದೆ. ಪೂರ್ವಕ್ಕೆ ಹಾರಿದವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಏಳಲಾಗುವುದಿಲ್ಲ. ಮೊದಲನೆಯವರು ಅಂಗಡಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಾಲ್ಕರೊಳಗೆ ಮನೆ ಸೇರಲಿ. ಎರಡನೆಯವರು ಹನ್ನೊಂದೂವರೆಗೆ ಹೊರಟು ಊಟದಿಂದಲೇ ದಿನ ಶುರುಮಾಡಿದರೂ ನಷ್ಟವಿಲ್ಲ.

ವಾಪಸು ಹೊರಡುವ ಹಿಂದಿನ ದಿನವೂ ಬೇಡ. ಸರಿಹೋಗದ ಅಂಗಿ ಬದಲಿಸಲು, ತೂಕ ನೋಡಿ ಪೆಟ್ಟಿಗೆ ಕಟ್ಟಲು, ತೆರಿಗೆ ವಾಪಸಿನ (ಕೊಂಡ ವಸ್ತುವಿನ ತೆರಿಗೆಯನ್ನು ಕೆಲವು ದೇಶಗಳು ಪ್ರವಾಸಿಗಳಿಗೆ ಮರಳಿಸುತ್ತವೆ) ಕಾಗದ ಜೋಡಿಸಲು ಕನಿಷ್ಠ ನಾಲ್ಕೈದು ದಿನ ಕೈಯಲ್ಲಿರಬೇಕು.

ವಾರದ ನಡುವಿನ ದಿನಗಳಲ್ಲಿ ಜನ ಕಡಿಮೆ. ಆದರೆ ಮನೆಯವರಿಗೆ ರಜೆ ಶನಿವಾರ, ಭಾನುವಾರ. ಅವರು ಒಂದು ದಿನ ರಜೆ ಹಾಕುವುದಾದರೆ ಅದನ್ನು ಇದಕ್ಕೇ ಹಾಕಿಸುವುದು ಒಳ್ಳೆಯದು. ಇಲ್ಲವಾದರೆ ಶನಿವಾರ ಬೆಳಗ್ಗೆ. ಭಾನುವಾರವನ್ನು ನೆಚ್ಚಿಕೊಳ್ಳುವ ಮುಂಚೆ ವಿಚಾರಿಸಿ: ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಸಾಮಾನ್ಯ ಅಂಗಡಿಗಳೆಲ್ಲ ಬಂದ್, ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಒಳಗಿನವು ಮಾತ್ರ ತೆರೆದಿರುತ್ತವೆ.

ಹಿಂದಿನ ರಾತ್ರಿ: ಟೇಪು, ಕಾಗದ, ಪೆನ್ನು

ದಿನ ಹಾಳಾಗುವುದು ಅಂಗಡಿಯಲ್ಲಿ ನಿಂತು ಊರಿಗೆ ಫೋನ್ ಹಚ್ಚಿ ‘ನಿನ್ನ ಸೈಜ್ ಎಷ್ಟು?’ ಎಂದು ಕೇಳುವುದರಿಂದ. ಅಲ್ಲಿ ಮಧ್ಯರಾತ್ರಿಯಾಗಿರುತ್ತದೆ, ಉತ್ತರ ಬಂದರೂ ಆ ನಂಬರು ಇಲ್ಲಿ ನಡೆಯುವುದಿಲ್ಲ. ಹೆಂಗಸರ ಉಡುಪಿನಲ್ಲಿ ಬ್ರಿಟನ್ನಿನ 12 ಎಂದರೆ ಸುಮಾರಾಗಿ ಅಮೆರಿಕದ 8, ಫ್ರಾನ್ಸಿನ 40, ಇಟಲಿಯ 44. ಗಂಡಸರ ಶೂ ಬ್ರಿಟನ್ನಿನಲ್ಲಿ 8 ಆದರೆ ಅಮೆರಿಕದಲ್ಲಿ 9, ಯುರೋಪಿನಲ್ಲಿ 42ರ ಆಸುಪಾಸು. ಹೆಂಗಸರ ಶೂ ಬ್ರಿಟನ್ನಿನ 5, ಅಮೆರಿಕದ 7, ಯುರೋಪಿನ 38. ಒಂದು ಕಂಪನಿಯ ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ಅರ್ಧ ಸೈಜ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹಾಗಾಗಿ ಬೇರೆಯವರಿಗೆ ಕೊಳ್ಳುವಾಗ ಸೈಜ್ ನಂಬರನ್ನು ಬಿಟ್ಟು ಸೆಂಟಿಮೀಟರನ್ನು ನಂಬಿ. ಅವರಿಗೆ ಈಗ ಚೆನ್ನಾಗಿ ಕೂರುವ ಒಂದು ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ, ಹೆಗಲ ಹೊಲಿಗೆಯಿಂದ ಹೊಲಿಗೆಗೆ, ಕಾಲರಿನ ಬುಡದಿಂದ ಕೆಳ ಅಂಚಿಗೆ ಟೇಪು ಹಿಡಿದು, ಟೇಪು ಇಟ್ಟ ಹಾಗೆಯೇ ಫೋಟೋ ಕಳಿಸಲಿ. ಅಂಗಡಿಯಲ್ಲಿ ಅದೇ ಮೂರು ಕಡೆ ಟೇಪು ಹಿಡಿದು ನೋಡಿದರೆ ಊಹೆಯ ಮಾತೇ ಇಲ್ಲ. ಪ್ಯಾಂಟಿಗೆ ಸೊಂಟದ ಪಟ್ಟಿಯ ಅಗಲ, ಒಳತೊಡೆಯ ಹೊಲಿಗೆಯ ಉದ್ದ ಸಾಕು. ಪುಟ್ಟ ಮಕ್ಕಳ ಬಟ್ಟೆಗೆ ಯುರೋಪಿನ ಕ್ರಮವೇ ಸಲೀಸು. ಅಲ್ಲಿ ಚೀಟಿಯ ಮೇಲಿನ 104, 116 ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ. ಸುಮಾರು ನಾಲ್ಕು ವರ್ಷದ ಮಗುವಿಗೆ 104, ಆರು ವರ್ಷಕ್ಕೆ 116. ಮಗು ಬೆಳೆಯುವ ಲೆಕ್ಕ ಹಿಡಿದು ಒಂದು ಮೆಟ್ಟಿಲು ಮೇಲಿನದು ತೆಗೆದುಕೊಂಡರೆ ತಪ್ಪಿಲ್ಲ.

ಶೂ ಕೊಳ್ಳಬೇಕಾದವರು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಲ್ಲಬೇಕು, ಇನ್ನೊಬ್ಬರು ಪೆನ್ನನ್ನು ನೆಟ್ಟಗೆ ಹಿಡಿದು ಉದ್ದನೆಯ ಬೆರಳಿನ ತುದಿಗೆ ಗುರುತು ಹಾಕಬೇಕು. ಗೋಡೆಯಿಂದ ಗುರುತಿಗೆ ಎಷ್ಟು ಮಿಲಿಮೀಟರ್ ಎಂಬುದೇ ಪಾದದ ಅಳತೆ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ.; ಯುರೋಪಿನದರಲ್ಲಿ ಸುಮಾರು 6.7 ಮಿ.ಮೀ. ಪೆನ್ನು ಒಳಗಡೆಗೆ ತುಸು ಓರೆಯಾದರೂ 4 ಮಿ.ಮೀ. ಕಡಿಮೆ ಬರುತ್ತದೆ. ಅರ್ಧ ಸೈಜ್ ತಪ್ಪಲು ಅಷ್ಟು ಸಾಕು.

ಅದೇ ಹೊತ್ತಿಗೆ ಪೆಟ್ಟಿಗೆಯ ತೂಕವನ್ನೂ ನೋಡಿಬಿಡಿ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆದರೆ ಆಯಿತು. ಅನೇಕ ವಿಮಾನ ಕಂಪನಿಗಳಲ್ಲಿ ಒಂದು ಪೆಟ್ಟಿಗೆಯ ಮಿತಿ 23 ಕಿಲೋ. ಉಳಿದಿರುವ ಕಿಲೋ ಎಷ್ಟು ಎಂದು ಪಟ್ಟಿಯ ತಲೆಯಲ್ಲೇ ಬರೆಯಿರಿ. ಬೆಲೆಗಿಂತ ಹೆಚ್ಚಾಗಿ ಆ ಒಂದು ಅಂಕಿಯೇ ಮಾರನೆಯ ದಿನ ಕೈ ಹಿಡಿದು ನಿಲ್ಲಿಸುತ್ತದೆ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ: ಟೇಪು, ಮಡಚುವ ಬಟ್ಟೆಚೀಲ ಎರಡು, ಚಿಲ್ಲರೆ ನಾಣ್ಯ (ಕೆಲವು ದೇಶಗಳಲ್ಲಿ ಶೌಚಾಲಯಕ್ಕೂ ಟ್ರಾಲಿಗೂ ಬೇಕು), ರಸೀದಿಗೆಂದೇ ಒಂದು ಲಕೋಟೆ, ತೆರಿಗೆ ವಾಪಸು ಕೇಳುವವರ ಮೂಲ ಪಾಸ್‌ಪೋರ್ಟು. ಜೊತೆಗೆ ಮನೆಯ ವಿಳಾಸ, ಅಲ್ಲಿನ ಲಿಪಿಯಲ್ಲಿ ಬರೆದ ಚೀಟಿ, ಪ್ರತಿಯೊಬ್ಬರ ಜೇಬಿನಲ್ಲೂ. ಫೋನಿನ ಚಾರ್ಜು ಮುಗಿಯುವುದು ದಾರಿ ತಪ್ಪಿದಾಗಲೇ.

ಊಟದ ಮೇಜು

ಯುರೋಪಿನ ಬಹಳ ಊರುಗಳಲ್ಲಿ ಮಧ್ಯಾಹ್ನ ಎರಡು-ಎರಡೂವರೆಗೆ ಒಲೆ ಆರಿಸಿದರೆ ಮತ್ತೆ ಹೊತ್ತಿಸುವುದು ಸಂಜೆಯೇ. ಬಾಗಿಲು ತೆರೆದಿದ್ದರೂ ಕಾಫಿ, ಕೇಕು ಬಿಟ್ಟರೆ ಏನೂ ಸಿಗುವುದಿಲ್ಲ. ಆದ್ದರಿಂದ ಹನ್ನೆರಡು ಅಥವಾ ಹನ್ನೆರಡೂಕಾಲಕ್ಕೆ ಮೇಜು ಕಾಯ್ದಿರಿಸಿ. ಆಫೀಸಿನ ಜನ ಬರುವ ಮುಂಚೆ ಆರ್ಡರು ಹೋಗಿರುತ್ತದೆ, ಬಡಿಸುವವರಿಗೂ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಪುರಸೊತ್ತಿರುತ್ತದೆ. ದುಬಾರಿ ಜಾಗದಲ್ಲಿ ಒಮ್ಮೆ ಉಣ್ಣಬೇಕೆಂಬ ಆಸೆಯಿದ್ದರೆ ಅದಕ್ಕೂ ಮಧ್ಯಾಹ್ನವೇ ಸರಿ. ಅದೇ ಅಡುಗೆಮನೆ, ಅದೇ ಅಡುಗೆಯವರು, ಗೊತ್ತಾದ ಎರಡು-ಮೂರು ಬಗೆಯ ಊಟಕ್ಕೆ ರಾತ್ರಿಗಿಂತ ಎಷ್ಟೋ ಕಡಿಮೆ ದರ.

ಫೋನಿನಲ್ಲಿ ಕಾಯ್ದಿರಿಸುವಾಗ ಎಷ್ಟು ಜನ ಎಂದಷ್ಟೇ ಹೇಳಿದರೆ ಕಾಲು ನೆಲಕ್ಕೆ ಮುಟ್ಟದ ಎತ್ತರದ ಸ್ಟೂಲಿನ ಮೇಜು ಸಿಕ್ಕೀತು. ಬೆನ್ನಿಗೆ ಆಸರೆ ಇರುವ ಕುರ್ಚಿ, ಮೆಟ್ಟಿಲು ಹತ್ತುವಂತಿಲ್ಲ, ಮಗುವಿನ ತಳ್ಳುಗಾಡಿಗೆ ಜಾಗ, ಸ್ಪೀಕರಿನಿಂದ ದೂರ ಎಂದು ಬಿಡಿಸಿ ಹೇಳಿ. ಮಂಡಿನೋವಿನವರಿದ್ದರೆ ಶೌಚಾಲಯ ಯಾವ ಮಹಡಿಯಲ್ಲಿದೆ ಎಂದೂ ಕೇಳಿ. ಹಳೆಯ ಕಟ್ಟಡಗಳಲ್ಲಿ ಅದು ನೆಲಮಾಳಿಗೆಯಲ್ಲಿರುತ್ತದೆ, ಕಡಿದಾದ ಮೆಟ್ಟಿಲು ಇಳಿದು ಹೋಗಬೇಕು.

ಏನು ತಿನ್ನುವುದಿಲ್ಲ ಎಂಬುದನ್ನು ಒಂದೊಂದಾಗಿ, ಅಲ್ಲಿನ ಭಾಷೆಯಲ್ಲಿ ಬರೆಸಿಕೊಂಡು ಹೋಗುವುದು ಬಾಯಲ್ಲಿ ‘ವೆಜಿಟೇರಿಯನ್’ ಎನ್ನುವುದಕ್ಕಿಂತ ಹತ್ತು ಪಾಲು ವಾಸಿ. ಆ ಪದದ ಅರ್ಥ ಊರಿಗೊಂದು. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಸಾಕು ಎಂದುಕೊಳ್ಳುವವರಿದ್ದಾರೆ. ಸೂಪಿನ ಬುಡದಲ್ಲಿರುವ ಮೂಳೆಯ ಸಾರು, ಸಾಸಿನೊಳಗಿನ ಮೀನು, ಸಿಹಿತಿಂಡಿಯ ಜೆಲಾಟಿನ್, ಕೆಲವು ಚೀಸಿನಲ್ಲಿ ಹಾಲು ಗಟ್ಟಿಯಾಗಲು ಹಾಕುವ ಪ್ರಾಣಿಮೂಲದ ರೆನೆಟ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಚೀಟಿಯಲ್ಲಿ ‘ಮಾಂಸ, ಕೋಳಿ, ಮೀನು, ಸೀಗಡಿ, ಮೂಳೆಯ ಸಾರು, ಜೆಲಾಟಿನ್ ಬೇಡ, ಹಾಲು, ಬೆಣ್ಣೆ ಆಗುತ್ತದೆ, ಮೊಟ್ಟೆ ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂದು ಖಚಿತವಾಗಿರಲಿ. ಅಲರ್ಜಿ ಇದ್ದರೆ ಅದನ್ನು ಈ ಪಟ್ಟಿಯೊಳಗೆ ಸೇರಿಸದೆ ಬೇರೆಯಾಗಿ, ಮೇಲೆ, ದಪ್ಪಕ್ಷರದಲ್ಲಿ ಬರೆಯಿರಿ. ಇಷ್ಟವಿಲ್ಲದ್ದಕ್ಕೂ ಜೀವಕ್ಕೆ ಅಪಾಯವಾದದ್ದಕ್ಕೂ ಅಡುಗೆಮನೆಯಲ್ಲಿ ನಡೆಯುವ ಕ್ರಮವೇ ಬೇರೆ. ಯುರೋಪಿಯನ್ ಯೂನಿಯನ್ನಿನಲ್ಲಿ 2014ರ ಡಿಸೆಂಬರಿನಿಂದ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಹೋಟೆಲುಗಳೂ ಕೊಡಲೇಬೇಕು. ಎಳ್ಳು, ಸಾಸಿವೆ ಎರಡೂ ಅದರಲ್ಲಿವೆ. ಅಮೆರಿಕದಲ್ಲಿ ಪೊಟ್ಟಣದ ಆಹಾರದ ಚೀಟಿಯಲ್ಲಿ ಕಡ್ಡಾಯವಾಗಿ ತೋರಿಸಬೇಕಾದವು ಒಂಬತ್ತು. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರಲ್ಲಿ. ಅಲ್ಲಿನ ಒಂಬತ್ತರಲ್ಲಿ ಸಾಸಿವೆ ಇಲ್ಲ, ಅದನ್ನು ನೀವೇ ಕೇಳಬೇಕು.

ಆರ್ಡರು ಮಾಡುವಾಗ ನಾಲ್ಕು ಜನಕ್ಕೆ ಮೂರು ದೊಡ್ಡ ತಟ್ಟೆ, ಒಂದು ಚಿಕ್ಕದು ತರಿಸಿ ಹಂಚಿಕೊಂಡರೆ ಹಸಿವೂ ತೀರುತ್ತದೆ, ಊಟವಾದ ಮೇಲೆ ನಡೆಯಲೂ ಆಗುತ್ತದೆ. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡವರು ಮೂರು ಗಂಟೆಗೆ ಯಾವ ಅಂಗಡಿಗೂ ಬರುವುದಿಲ್ಲ. ನೀರು ಕೇಳುವಾಗ ನಲ್ಲಿ ನೀರು ಎಂದೇ ಹೇಳಿ. ಬರಿದೇ ‘ನೀರು’ ಎಂದರೆ ಬಾಟಲಿ ಬರುತ್ತದೆ, ಅದರ ಹಿಂದೆ ಬಿಲ್ಲೂ ಬರುತ್ತದೆ.

ಇನ್ನು ಬಿಲ್ಲು. ಟಿಪ್ಸಿನ ರೂಢಿ ದೇಶಕ್ಕೊಂದು: ಅಮೆರಿಕದಲ್ಲಿ ಕೂತು ಉಂಡರೆ ಶೇ. 15ರಿಂದ 20 ಕೊಡುವುದು ನಿರೀಕ್ಷೆ, ಜಪಾನಿನಲ್ಲಿ ಟಿಪ್ಸು ಕೊಡುವ ಪದ್ಧತಿಯೇ ಇಲ್ಲ. ಕೊಡುವ ಮುನ್ನ ಬಿಲ್ಲಿನ ಕೆಳಭಾಗ ಓದಿ. ಆರು ಅಥವಾ ಹೆಚ್ಚು ಜನ ಒಂದೇ ಮೇಜಿನಲ್ಲಿದ್ದರೆ ಸೇವಾ ಶುಲ್ಕವನ್ನು ಮೊದಲೇ ಸೇರಿಸುವ ಹೋಟೆಲುಗಳು ಬಹಳ. ಅದು ಗಮನಕ್ಕೆ ಬಾರದೆ ಕಾರ್ಡ್ ಯಂತ್ರದ ಪರದೆ ಕೇಳಿತೆಂದು ಇನ್ನೊಮ್ಮೆ ಶೇ. 20 ಒತ್ತಿದರೆ ಎರಡು ಸಲ ಕೊಟ್ಟ ಹಾಗಾಯಿತು.

‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಎಂಬ ಜಗ್ಗಾಟ ಮೇಜಿನ ಹತ್ತಿರ ಬೇಡ. ಊಟ ಅತಿಥಿಗಳದ್ದು, ಕಾಫಿ-ಟ್ಯಾಕ್ಸಿ ಮನೆಯವರದ್ದು ಎಂದು ಹಿಂದಿನ ರಾತ್ರಿಯೇ ಹಂಚಿಕೊಳ್ಳಿ. ಭಾವ ಒಪ್ಪುವವರಲ್ಲ ಎಂದು ಗೊತ್ತಿದ್ದರೆ ಒಳಗೆ ಕಾಲಿಟ್ಟಾಗಲೇ ನಿಮ್ಮ ಕಾರ್ಡನ್ನು ಕೌಂಟರಿನಲ್ಲಿ ತೋರಿಸಿ ‘ಬಿಲ್ಲು ನನಗೇ ತನ್ನಿ’ ಎಂದು ಹೇಳಿಟ್ಟರೆ ಮುಗಿಯಿತು.

ಯಾವುದರ ನಂತರ ಯಾವುದು

ಮೊದಲ ಅಂಗಡಿಯಲ್ಲಿ ಸುಗಂಧದ ಕೌಂಟರು ಇದ್ದರೆ ಅಲ್ಲಿಂದ ಶುರುಮಾಡಿ, ಆದರೆ ಕೊಳ್ಳಬೇಡಿ. ಕಾಗದದ ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಮೂಸಿದರೆ ಮೂಗಿಗೆ ಗುರುತು ಸಿಗುವುದಿಲ್ಲ. ಮೆಚ್ಚಿದ ಒಂದನ್ನು ಮಣಿಕಟ್ಟಿಗೆ ಹಾಕಿಸಿಕೊಂಡು ಹೊರಬನ್ನಿ. ಮೊದಲ ಹತ್ತು ನಿಮಿಷ ಬರುವ ಪರಿಮಳ ಆರಿಹೋಗುವಂಥದ್ದು. ಊಟ ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದೇ ಮುಂದೆ ದಿನವಿಡೀ ಜೊತೆಗಿರುವ ಪರಿಮಳ. ಆಗಲೂ ಇಷ್ಟವಾದರೆ ವಾಪಸು ಬರುವಾಗ ಕೊಳ್ಳಿ.

ಬಟ್ಟೆ ಊಟಕ್ಕೆ ಮುಂಚೆ. ಟ್ರಯಲ್ ರೂಮಿನ ಸಾಲು ಬೆಳಗ್ಗೆ ಚಿಕ್ಕದಿರುತ್ತದೆ, ಹಾಕಿ ಬಿಚ್ಚುವ ತಾಳ್ಮೆಯೂ ಆಗಲೇ ಇರುವುದು. ಹಾಕಿ ನೋಡಲೆಂದೇ ಹೊರಟವರು ಗುಂಡಿಗಳ ಸಾಲಿಲ್ಲದ, ಸುಲಭವಾಗಿ ಬಿಚ್ಚುವ ಮೇಲಂಗಿ, ಲೇಸ್ ಇಲ್ಲದ ಪಾದರಕ್ಷೆ ಹಾಕಿಕೊಂಡು ಬಂದಿರಲಿ. ಶೂ ಮಾತ್ರ ಊಟದ ನಂತರ: ನಡೆದೂ ನಡೆದೂ ಪಾದ ಸ್ವಲ್ಪ ಊದಿರುತ್ತದೆ, ಬೆಳಗ್ಗೆ ಸರಿಯಾಗಿ ಕೂತ ಶೂ ಸಂಜೆ ಹಿಡಿಯುತ್ತದೆ. ಮುಂದೆ ಹಾಕಿಕೊಳ್ಳುವ ಕಾಲುಚೀಲದಲ್ಲೇ ಹಾಕಿ ನೋಡಿ, ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯೇ ಗಮನಿಸಿ. ಭಾರದ್ದು, ಒಡೆಯುವಂಥದ್ದು, ಕರಗುವಂಥದ್ದು ಎಲ್ಲಕ್ಕಿಂತ ಕೊನೆಗೆ, ಮನೆಗೆ ಹೋಗುವ ದಾರಿಯಲ್ಲಿ.

ವಿದ್ಯುತ್ ಸಾಮಾನು ಕೊಳ್ಳುವುದಾದರೆ ಇಲ್ಲೊಂದು ನಿಮಿಷ ನಿಲ್ಲಿ. ಹಣ ನೀರಿಗೆ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಚಾರ್ಜರಿನ ಮೇಲೆ ಸಣ್ಣಕ್ಷರದಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್’ ಎಂದಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ, ಪಿನ್ನಿನ ಆಕಾರಕ್ಕೆ ಒಂದು ಅಡಾಪ್ಟರು ಸಾಕು. ಫೋನು, ಲ್ಯಾಪ್‌ಟಾಪು, ಕ್ಯಾಮರಾ ಬಹುತೇಕ ಹೀಗೆಯೇ ಇರುತ್ತವೆ. ಆದರೆ ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ, ಕೆಟಲ್, ಮಿಕ್ಸರ್‌ಗಳು ಹಾಗಲ್ಲ. ಅಮೆರಿಕದ್ದು 120 ವೋಲ್ಟ್, ಜಪಾನಿನದು 100, ಯುರೋಪಿನದು 230. ಅಡಾಪ್ಟರು ಪಿನ್ನನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಕಾಯಿಸುವ ಉಪಕರಣ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೋಲ್ಟೇಜು ಎರಡು ಪಟ್ಟಾದರೆ ಇದು ನಾಲ್ಕು ಪಟ್ಟು. 120 ವೋಲ್ಟಿಗೆ ಮಾಡಿದ 1,200 ವಾಟಿನ ಡ್ರೈಯರನ್ನು 230ಕ್ಕೆ ಹಾಕಿದರೆ ಅದು ಸುಮಾರು 4,400 ವಾಟ್ ಎಳೆಯಲು ಹೋಗಿ ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ತಿರುಗಾಮುರುಗಾ ಆದರೆ ಸುಡುವುದಿಲ್ಲ. ನಾಲ್ಕನೇ ಒಂದು ಪಾಲಿನಷ್ಟು ಮಾತ್ರ ಬಿಸಿಯಾಗಿ ಯಾವ ಕೆಲಸಕ್ಕೂ ಬರುವುದಿಲ್ಲ. ಫೋನಾದರೆ ಯಾವುದೇ ಕಂಪನಿಯ ಸಿಮ್ಮಿಗೂ ತೆರೆದಿರುವಂಥದ್ದೇ ಎಂದು ಕೇಳಿ, ಲ್ಯಾಪ್‌ಟಾಪಾದರೆ ಕೀಬೋರ್ಡಿನ ಅಕ್ಷರಗಳ ಜೋಡಣೆ ನೋಡಿ. ಫ್ರಾನ್ಸಿನ ಕೀಬೋರ್ಡಿನಲ್ಲಿ ಮೊದಲ ಸಾಲು ಶುರುವಾಗುವ ಅಕ್ಷರವೇ ಬೇರೆ. ವಾರಂಟಿ ನಿಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾತಿನಲ್ಲಿ ಒಪ್ಪದೆ ಕಾಗದದಲ್ಲಿ ತೋರಿಸಲು ಹೇಳಿ.

ಗುಂಪು ಬೇರೆಯಾಗುವುದು

ನಾಲ್ವರೂ ಒಂದೇ ಅಂಗಡಿಯಲ್ಲಿ ಸುತ್ತುವುದು ಒಗ್ಗಟ್ಟಿನಂತೆ ಕಂಡರೂ ಅದು ಮೂವರು ಕಾಯುವ ಏರ್ಪಾಡು. ಊಟವಾದ ಮೇಲೆ ಮುಕ್ಕಾಲು ಗಂಟೆ ಎರಡು ಗುಂಪಾಗಿ. ಒಬ್ಬರು ಹಿರಿಯರ ಜೊತೆ ಕಾಫಿ ಮುಂದಿಟ್ಟುಕೊಂಡು ಕೂರಲಿ, ಉಳಿದವರು ಓಡಾಡಿ ಬರಲಿ. ಸೇರುವ ಜಾಗವನ್ನು ‘ಗೇಟಿನ ಹತ್ತಿರ’ ಎನ್ನಬೇಡಿ, ದೊಡ್ಡ ಮಾಲಿಗೆ ಎಂಟು ಗೇಟುಗಳಿರುತ್ತವೆ. ಅಂಗಡಿಯ ಹೆಸರು, ಮಹಡಿಯ ನಂಬರು ಹೇಳಿ. ಆ ನಂಬರಿನಲ್ಲೂ ಒಂದು ಎಡವಟ್ಟಿದೆ: ಬ್ರಿಟನ್, ಯುರೋಪುಗಳಲ್ಲಿ ನೆಲಮಹಡಿಯ ಮೇಲಿನದು ಮೊದಲ ಮಹಡಿ, ಅಮೆರಿಕ, ಜಪಾನುಗಳಲ್ಲಿ ನೆಲಮಹಡಿಯೇ ಮೊದಲನೆಯದು. ಲಿಫ್ಟಿನ ಗುಂಡಿಯ ಮೇಲೆ ಇರುವ ಅಂಕಿಯನ್ನೇ ಹೇಳಿದರೆ ತಕರಾರಿಲ್ಲ. ಅತಿಥಿಯ ಫೋನಿಗೆ ಅಲ್ಲಿನ ಸಿಮ್ ಇಲ್ಲದಿದ್ದರೆ ಸೇರುವ ಜಾಗದ ಫೋಟೋ ತೆಗೆಸಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಟ್ಟಿರಿ.

ಕಾರ್ಡ್ ಉಜ್ಜುವಾಗ

ಯಂತ್ರದ ಪರದೆ ಎರಡು ಮೊತ್ತ ತೋರಿಸಿ ‘ಯಾವುದರಲ್ಲಿ?’ ಎಂದು ಕೇಳಿದರೆ ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ನಿಮ್ಮ ದೇಶದ ಹಣದಲ್ಲಿ ತೋರಿಸುವ ಮೊತ್ತ ಕಣ್ಣಿಗೆ ಪರಿಚಿತ, ಆದರೆ ಅದರ ವಿನಿಮಯ ದರವನ್ನು ಗೊತ್ತುಮಾಡುವವರು ನಿಮ್ಮ ಬ್ಯಾಂಕಿನವರಲ್ಲ, ಯಂತ್ರದ ಕಡೆಯವರು; ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಅದನ್ನು ಒತ್ತಿದ ಮೇಲೂ ನಿಮ್ಮ ಬ್ಯಾಂಕು ವಿದೇಶಿ ವ್ಯವಹಾರದ ಶುಲ್ಕ ಹಾಕುವುದುಂಟು. ಎಷ್ಟೋ ಕಡೆ ಮಾರುವವರೇ ಸಹಾಯವೆಂದು ಗುಂಡಿ ಒತ್ತಿಬಿಡುತ್ತಾರೆ. ಹಾಗಾದರೆ ಅಲ್ಲೇ ನಿಂತು ರದ್ದು ಮಾಡಿಸಿ ಮತ್ತೆ ಹಾಕಿಸಿ, ಹೊರಗೆ ಬಂದ ಮೇಲೆ ಕಷ್ಟ. ಎಟಿಎಮ್ಮಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಉತ್ತರವೂ ಇದೇ.

ಅಮೆರಿಕದಲ್ಲಿ ಚೀಟಿಯ ಮೇಲಿನ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ; ಕೌಂಟರಿನಲ್ಲಿ ಕೂಡಿಸುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಅದು ಶೇ. 8.875. ಆದರೆ ಒಂದೊಂದು ಬಟ್ಟೆ ಅಥವಾ ಶೂ 110 ಡಾಲರಿಗಿಂತ ಕಡಿಮೆಯಿದ್ದರೆ ಅಲ್ಲಿ ತೆರಿಗೆ ಇಲ್ಲ. ಆರೆಗಾನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮಾರಾಟ ತೆರಿಗೆಯೇ ಇಲ್ಲ. ಯುರೋಪ್, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಚೀಟಿಯ ಬೆಲೆಯೇ ಕೊನೆಯ ಬೆಲೆ.

ತೆರಿಗೆ ವಾಪಸು: ಯಾರ ಹೆಸರಲ್ಲಿ ಕೊಳ್ಳಬೇಕು

ಮನೆಯವರ ಜೊತೆಗಿನ ಶಾಪಿಂಗಿನಲ್ಲಿ ಅತಿ ಹೆಚ್ಚು ತಪ್ಪುವ ಲೆಕ್ಕ ಇದು. ಪ್ರವಾಸಿಗಳಿಗೆ ತೆರಿಗೆ ವಾಪಸು ಕೊಡುವ ದೇಶಗಳಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಹೊರಗಿನಿಂದ ಬಂದವರಿಗೆ ಮಾತ್ರ, ಅಲ್ಲೇ ನೆಲೆಸಿದ ಬಂಧುಗಳಿಗಲ್ಲ. ಪ್ರೀತಿಯಿಂದ ಮನೆಯವರು ತಮ್ಮ ಕಾರ್ಡು ಉಜ್ಜಿಬಿಟ್ಟರೆ ಆ ಹಣ ಕೈತಪ್ಪಬಹುದು. ಇನ್ನೊಂದು ಮಗ್ಗುಲೂ ಇದೆ: ವಸ್ತು ಸರಿಹೋಗದೆ ನೀವು ಊರಿಗೆ ಹೋದ ಮೇಲೆ ಬಂಧುಗಳು ಅದನ್ನು ಅಂಗಡಿಗೆ ಹಿಂತಿರುಗಿಸಬೇಕಾದರೆ ಹಣ ಬರುವುದು ಕೊಂಡ ಕಾರ್ಡಿಗೇ. ಹಾಗಾಗಿ ಖಚಿತವಾಗಿ ನಿಮ್ಮ ಜೊತೆ ವಿಮಾನ ಹತ್ತುವ ದುಬಾರಿ ವಸ್ತು ನಿಮ್ಮ ಕಾರ್ಡಿನಲ್ಲಿ, ನಿಮ್ಮ ಪಾಸ್‌ಪೋರ್ಟಿನ ಹೆಸರಿನಲ್ಲಿ. ಬದಲಿಸಬೇಕಾಗಬಹುದಾದದ್ದು, ಆ ಮನೆಯಲ್ಲೇ ಉಳಿಯುವುದು ಬಂಧುಗಳ ಕಾರ್ಡಿನಲ್ಲಿ; ನಡುವಿನ ಲೆಕ್ಕ ಮನೆಗೆ ಹೋಗಿ.

ದೇಶವಾರು ನಿಯಮ ಬಹಳ ಬೇರೆ. ಯುರೋಪಿಯನ್ ಯೂನಿಯನ್ನಿನಲ್ಲಿ ಒಂದು ಅಂಗಡಿಯ ಖರೀದಿಗೆ ಕನಿಷ್ಠ ಮೊತ್ತವನ್ನು ಆಯಾ ದೇಶ ಗೊತ್ತುಮಾಡುತ್ತದೆ: ಫ್ರಾನ್ಸಿನಲ್ಲಿ 100 ಯೂರೋ ದಾಟಬೇಕು, ಜರ್ಮನಿಯಲ್ಲಿ 50 ದಾಟಿದರೆ ಸಾಕು, ಸ್ಪೇನಿನಲ್ಲಿ ಕನಿಷ್ಠ ಮಿತಿಯೇ ಇಲ್ಲ. ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ ವಸ್ತು ಯೂನಿಯನ್ನಿನ ಹೊರಗೆ ಹೋಗಬೇಕು. ಲಂಡನ್ನಿಗೆ ಹೋದವರು ಇದನ್ನು ಕೇಳಿ ಪ್ರಯೋಜನವಿಲ್ಲ; ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕೈಯಲ್ಲಿ ಒಯ್ಯುವ ವಸ್ತುವಿನ ವ್ಯಾಟ್ (ಬೆಲೆಯಲ್ಲೇ ಸೇರಿರುವ ತೆರಿಗೆ) ವಾಪಸು 2021ರ ಜನವರಿ 1ಕ್ಕೆ ನಿಂತುಹೋಯಿತು. ಸಿಂಗಪುರದಲ್ಲಿ ಜಿಎಸ್‌ಟಿ ಶೇ. 9, ಕನಿಷ್ಠ ಖರೀದಿ 100 ಸಿಂಗಪುರ ಡಾಲರ್. ಆಸ್ಟ್ರೇಲಿಯಾದಲ್ಲಿ ಒಂದೇ ವ್ಯಾಪಾರಿಯಿಂದ 300 ಡಾಲರ್ ಮುಟ್ಟಬೇಕು, ಹೊರಡುವ ಮುಂಚಿನ 60 ದಿನದೊಳಗೆ ಕೊಂಡಿರಬೇಕು, ಹಣ ನೀವೇ ಕೊಟ್ಟಿರಬೇಕು. ಬಿಲ್ಲು 1,000 ಡಾಲರ್ ಅಥವಾ ಹೆಚ್ಚಾದರೆ ಅದರ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹೆಸರು ಇರಲೇಬೇಕು. ಜಪಾನಿನಲ್ಲಿ ಅಂಗಡಿಯಲ್ಲೇ ತೆರಿಗೆ ಬಿಟ್ಟುಕೊಡುವ ಪದ್ಧತಿ 2026ರ ನವೆಂಬರ್ 1ರಿಂದ ಬದಲು: ಮೊದಲು ತೆರಿಗೆ ಸೇರಿಸಿ ಕೊಟ್ಟು, ಹೊರಡುವಾಗ ಕಸ್ಟಮ್ಸಿನವರು ವಸ್ತು ನೋಡಿದ ಮೇಲೆ ವಾಪಸು ಪಡೆಯಬೇಕು. ಅಮೆರಿಕದಲ್ಲಿ ದೇಶಮಟ್ಟದ ಇಂಥ ಯೋಜನೆಯೇ ಇಲ್ಲ. ಉಂಡ ಊಟ, ತಂಗಿದ ಹೋಟೆಲಿನ ತೆರಿಗೆ ಇದರಡಿ ಬರುವುದಿಲ್ಲ.

ವಾಪಸಿನ ಮೊತ್ತದ ಬಗ್ಗೆಯೂ ಭ್ರಮೆ ಬೇಡ. ಶೇ. 20 ತೆರಿಗೆ ಸೇರಿದ 120 ಯೂರೋ ವಸ್ತುವಿನಲ್ಲಿ ತೆರಿಗೆ 20 ಯೂರೋ, ಅಂದರೆ ಕೊಟ್ಟ ಬೆಲೆಯ ಶೇ. 16.7. ಮಧ್ಯವರ್ತಿ ಕಂಪನಿಯ ಶುಲ್ಕ ಕಳೆದು ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ.

ಕೆಡುವುದು ಹೆಚ್ಚಾಗಿ ವಿಮಾನ ನಿಲ್ದಾಣದಲ್ಲಿ. ಅಂಗಡಿಯವರು ಕೊಟ್ಟ ಫಾರಂ ಬರೀ ಅರ್ಜಿ. ಯುರೋಪಿನಲ್ಲಿ ಕಸ್ಟಮ್ಸಿನ ಮೊಹರು ಅಥವಾ ಯಂತ್ರದ ಒಪ್ಪಿಗೆ ಬೀಳುವ ತನಕ ಅದಕ್ಕೆ ಬೆಲೆಯಿಲ್ಲ. ಅಧಿಕಾರಿ ವಸ್ತು ತೋರಿಸಲು ಕೇಳಬಹುದು. ಆದ್ದರಿಂದ ಆ ಪೆಟ್ಟಿಗೆಯನ್ನು ಬೆಲ್ಟಿಗೆ ಹಾಕುವ ಮುಂಚೆಯೇ ಕಸ್ಟಮ್ಸ್ ಕೌಂಟರಿಗೆ ಹೋಗಿ, ಚೀಟಿ ಕಿತ್ತಿರಬಾರದು, ಬಳಸಿರಬಾರದು. ಯೂನಿಯನ್ನಿನೊಳಗೇ ವಿಮಾನ ಬದಲಿಸುವುದಿದ್ದರೆ, ಕೊನೆಯ ಊರಿಗೇ ನೇರ ಹೋಗುವ ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಮೊದಲ ನಿಲ್ದಾಣದಲ್ಲೇ, ಕೈಚೀಲದಲ್ಲಿರುವುದಕ್ಕೆ ಯೂನಿಯನ್ ಬಿಡುವ ಕೊನೆಯ ನಿಲ್ದಾಣದಲ್ಲಿ ಮೊಹರು. ತೆರಿಗೆ ವಾಪಸಿನ ಹಣವನ್ನು ಪೇಟೆಯಲ್ಲೇ ಮುಂಗಡವಾಗಿ ನಗದು ಕೊಟ್ಟ ಕಂಪನಿಯವರು ನಿಮ್ಮ ಕಾರ್ಡಿನ ನಂಬರು ಭದ್ರತೆಗೆ ಇಟ್ಟುಕೊಂಡಿರುತ್ತಾರೆ. ಮೊಹರಾದ ಫಾರಂ ಹೊತ್ತಿಗೆ ತಲುಪದಿದ್ದರೆ ಆ ಹಣ ಕಾರ್ಡಿನಿಂದ ಹೊರಟುಹೋಗುತ್ತದೆ.

ಹಿಂತಿರುಗಿಸುವ ಹಕ್ಕಿನ ಬಗ್ಗೆಯೂ ಒಂದು ಮಾತು. ಯುರೋಪಿನಲ್ಲಿ ‘14 ದಿನದೊಳಗೆ ವಾಪಸು’ ಎಂದು ಕೇಳಿರುವ ನಿಯಮ ಆನ್‌ಲೈನ್ ಖರೀದಿಗೆ. ಅಂಗಡಿಗೆ ಹೋಗಿ ನೋಡಿ ಕೊಂಡ, ದೋಷವಿಲ್ಲದ ವಸ್ತುವನ್ನು ಹಿಂತೆಗೆದುಕೊಳ್ಳುವುದು ಅಂಗಡಿಯವರ ಇಷ್ಟ. ಕೊಳ್ಳುವ ಮುಂಚೆಯೇ ಕೇಳಿ, ರಸೀದಿಯ ಹಿಂಬದಿ ಓದಿ.

ಮನೆಗೆ ಬಂದ ಮೇಲೆ

ಆಫೀಸು ಬಿಡುವ ಹೊತ್ತಿಗೆ ಮುಂಚೆ ಹೊರಟುಬಿಡಿ. ಚೀಲಗಳೊಂದಿಗೆ ಮೆಟ್ರೋದಲ್ಲಿ ನಿಂತು ಬರುವುದಕ್ಕಿಂತ ಆ ಒಂದು ಸಲ ಟ್ಯಾಕ್ಸಿಗೆ ಕೊಟ್ಟ ಹಣ ದಂಡವಲ್ಲ. ರಾತ್ರಿಯ ಊಟಕ್ಕೆ ಮತ್ತೊಂದು ಹೋಟೆಲ್ ಬೇಡ, ಮನೆಯಲ್ಲಿ ಏನಾದರೂ ಹಗುರವಾದದ್ದು ಮೊದಲೇ ಮಾಡಿಟ್ಟಿರಲಿ.

ಮಲಗುವ ಮುಂಚೆ ಅರ್ಧ ಗಂಟೆ ಕೆಲಸವಿದೆ. ಬಟ್ಟೆ, ಶೂ ಎಲ್ಲ ಚೀಟಿ ಕೀಳದೆ ಇನ್ನೊಮ್ಮೆ ಹಾಕಿ ನೋಡಿ. ರಸೀದಿಗಳ ಫೋಟೋ ತೆಗೆಯಿರಿ. ಬಿಸಿಗೆ ಮೂಡುವ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಕಾರಿನ ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಸುಗಂಧ, ಲೋಷನ್ನು 100 ಮಿ.ಲೀ.ಗಿಂತ ದೊಡ್ಡ ಬಾಟಲಿಯಾದರೆ ಕೈಚೀಲಕ್ಕೆ ಬೇಡ, ಬೆಲ್ಟಿಗೆ ಹೋಗುವ ಪೆಟ್ಟಿಗೆಯಲ್ಲಿ ಕಾಲುಚೀಲದೊಳಗೆ ತೂರಿಸಿಡಿ. ಪವರ್ ಬ್ಯಾಂಕು ಇದಕ್ಕೆ ತದ್ವಿರುದ್ಧ: ಕೈಚೀಲದಲ್ಲೇ ಇರಬೇಕು, 100 ವಾಟ್-ಗಂಟೆಯೊಳಗೆ. ಅದರ ಮೇಲೆ ಬರೆದಿರುವ ಎಂಎಎಚ್ (mAh) ಅಂಕಿಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ ವಾಟ್-ಗಂಟೆ ಸಿಗುತ್ತದೆ. 20,000 ಎಂಎಎಚ್ ಎಂದರೆ 74, ಅಡ್ಡಿಯಿಲ್ಲ. ನಿಮ್ಮ ದೇಶದ ಕಸ್ಟಮ್ಸಿನ ಸುಂಕವಿಲ್ಲದ ಮಿತಿಯನ್ನೂ ಈಗಲೇ ನೋಡಿಕೊಳ್ಳಿ. ಅಲ್ಲಿ ತೆರಿಗೆ ವಾಪಸು ಬಂದಿತೆಂದು ಇಲ್ಲಿ ಸುಂಕ ಮಾಫಿಯಾಗುವುದಿಲ್ಲ. ತೆರಿಗೆ ಫಾರಂ, ಮೂಲ ರಸೀದಿ, ಪಾಸ್‌ಪೋರ್ಟು ಮೂರನ್ನೂ ಒಂದೇ ಲಕೋಟೆಗೆ ಹಾಕಿ ಕೈಚೀಲದಲ್ಲಿಡಿ, ಪೆಟ್ಟಿಗೆಯಲ್ಲಲ್ಲ.